ಮಂತ್ರಾಲಯದ ಮನ್ರೋ, ಹುಲಿ ಹಿಡಿದ ಮನ್ರೋ, ಬೆಟ್ಟ ಎಣಿಸಿದ ಮನ್ರೋ: ಎಲ್ಲ ಒಂದೇ ಮನೆಯವರಾ?

ಆದೋನಿ ರಸ್ತೆ
ರಾಯರ ಆರಾಧನೆ ಹತ್ತಿರ ಬಂತು ಅಂದ್ರೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಮನ್ರೋ ಸಾಹೇಬರ ಫಾರ್ವರ್ಡ್ ಬಂದೇ ಬರುತ್ತೆ. ಅದಕ್ಕೆ ವರ್ಷವರ್ಷ ಬಾಲ ಬೆಳೀತಿದೆ. ಈ ಸಲ ಬಂದಿದ್ದರ ಪ್ರಕಾರ, ಬಕ್ಸಾರ್ ಯುದ್ಧ ಗೆದ್ದ ಮನ್ರೋನೇ ಮುಂದೆ ಬಳ್ಳಾರಿ ಕಲೆಕ್ಟರ್ ಆಗಿ ಮಂತ್ರಾಲಯಕ್ಕೆ ಬಂದ. ಅವನ ಮಗನನ್ನೇ ಹುಲಿ ಹೊತ್ತೊಯ್ದಿದ್ದು, ಅದನ್ನು ಕೇಳಿ ಟಿಪ್ಪು ಹುಲಿ ಗೊಂಬೆ ಮಾಡಿಸಿದ್ದು. ಕೇರಳದ ಮನ್ರೋ ದ್ವೀಪಕ್ಕೂ ಅವನದೇ ಹೆಸರು. ಕೊನೆಗೆ ಅಮೆರಿಕದ ಅಧ್ಯಕ್ಷ ಮನ್ರೋ ಅವನ ಒಡಹುಟ್ಟಿದ ತಮ್ಮ! ಇದನ್ನು ಓದಿ ನಮ್ಮ ಚಿಕ್ಕಪ್ಪ ಮರ್ಲಿನ್ ಮನ್ರೋ ಮೊಮ್ಮಗಳೇ ಇರಬೇಕು ಅಂತ ಸೇರಿಸಿದ್ದಾರೆ. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಕೇಳೋದಿಷ್ಟೇ. ಇದರಲ್ಲಿ ಒಟ್ಟು ಎಷ್ಟು ಜನ ಮನ್ರೋಗಳಿದ್ದಾರೆ, ಯಾರು ಯಾರಿಗೆ ಏನಾಗಬೇಕು? ಬಲ್ಲವರು ಬಿಡಿಸಿ ಹೇಳಿ. ಗುಂಪಿನಲ್ಲಿ ಜಗಳ ಆಡೋಕೆ ಸರಕು ಬೇಕು.

ಕಡತದ ಹುಳು
ಬರೆದ ಪುಣ್ಯಾತ್ಮರು ನಾಲ್ಕು ಬೇರೆ ಬೇರೆ ಮನುಷ್ಯರನ್ನು ಒಂದೇ ಕೋಟಿನೊಳಗೆ ತುರುಕಿದ್ದಾರೆ. ದೊಡ್ಡ ಗಂಟು ಮೊದಲು ಬಿಚ್ಚೋಣ.

ಬಕ್ಸಾರಿನವನು ಹೆಕ್ಟರ್ ಮನ್ರೋ, ಹುಟ್ಟಿದ್ದು 1726ರಲ್ಲಿ, ಸ್ಕಾಟ್ಲೆಂಡಿನ ಉತ್ತರ ತುದಿಯ ಕಡೆ. ಬಳ್ಳಾರಿಯವನು ಥಾಮಸ್ ಮನ್ರೋ, ಹುಟ್ಟಿದ್ದು 1761ರಲ್ಲಿ, ಗ್ಲಾಸ್ಗೋ ಪೇಟೆಯಲ್ಲಿ. ಬಕ್ಸಾರ್ ಕದನ ಆಗಿದ್ದು 1764ರ ಅಕ್ಟೋಬರಿನಲ್ಲಿ. ಆಗ ಥಾಮಸ್ಸಿಗೆ ಮೂರು ವರ್ಷ. ಇಷ್ಟು ಹೇಳಿದರೆ ಫಾರ್ವರ್ಡಿನ ಅರ್ಧ ಕುಸಿಯುತ್ತೆ.

ಹೆಕ್ಟರ್ ಕಠಿಣ ಆಸಾಮಿ. ಬಕ್ಸಾರಿಗೆ ಮೊದಲು ಕಂಪನಿಯ ಸಿಪಾಯಿಗಳು ದಂಗೆ ಎದ್ದಾಗ 24 ಜನರನ್ನು ಫಿರಂಗಿ ಬಾಯಿಗೆ ಕಟ್ಟಿ ಹಾರಿಸಿದವನು. ಅವರಲ್ಲಿ ನಾಲ್ಕು ಗ್ರೆನೇಡಿಯರುಗಳು, ರಣದಲ್ಲಿ ನಾವೇ ಮುಂದೆ ನಿಲ್ಲುತ್ತಿದ್ದವರು, ಸಾವಿನಲ್ಲೂ ಮೊದಲ ಸರದಿ ನಮ್ಮದೇ ಅಂತ ಕೇಳಿ ಪಡೆದರಂತೆ. 1780ರಲ್ಲಿ ಇದೇ ಹೆಕ್ಟರ್ ಮದರಾಸಿನ ಸೇನಾಪತಿ. ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ಸುತ್ತುಗಟ್ಟಿ ಮುಗಿಸುವಾಗ ಈತ ಕಾಂಚೀಪುರದಲ್ಲೇ ಕೂತಿದ್ದ. ಆಮೇಲೆ ಭಾರದ ಫಿರಂಗಿಗಳನ್ನು ಅಲ್ಲಿನ ಕೆರೆಗೆ ತಳ್ಳಿ ಮದರಾಸಿಗೆ ಹಿಂದಿರುಗಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ದೊಡ್ಡ ಚಿತ್ರ ಆ ಕದನದ್ದೇ, ಪಲ್ಲಕ್ಕಿಯಲ್ಲಿ ಕೂತು ಕಳೆಗುಂದಿದವನು ಬೇಲಿ.

ಸ್ವಾರಸ್ಯ ಏನು ಗೊತ್ತಾ? ಹಾಗೆ ಹಿಂದಿರುಗಿದ ದಂಡಿನಲ್ಲಿ ಆಗಷ್ಟೇ ಹಡಗಿನಿಂದ ಇಳಿದಿದ್ದ ಹತ್ತೊಂಬತ್ತರ ಹುಡುಗನೊಬ್ಬ ಕಾಲಾಳು ಕೆಡೆಟ್ ಆಗಿದ್ದ. ಅವನೇ ನಮ್ಮ ಥಾಮಸ್. ಹಾಗಾಗಿ ಇಬ್ಬರು ಮನ್ರೋಗಳು ಒಂದೇ ದಾರಿಯಲ್ಲಿ ನಡೆದದ್ದುಂಟು, ಒಬ್ಬ ಕುದುರೆ ಮೇಲೆ, ಇನ್ನೊಬ್ಬ ಕಾಲ್ನಡಿಗೆಯಲ್ಲಿ.

ಮೊಂಡುವಾದಿ
ಸರಿ, ಇಬ್ಬರು ಬೇರೆ. ಆದರೆ ಎಲ್ಲ ಒಂದೇ ಕುಲದವರು ತಾನೆ? ಸ್ಕಾಟ್ಲೆಂಡಿನಲ್ಲಿ ಒಂದು ಹೆಸರು ಅಂದ್ರೆ ಒಂದು ಬಳ್ಳಿ ಅಂತ ಓದಿದ್ದೇನೆ. ದೂರದ ದಾಯಾದಿಗಳು ಅಂದುಕೊಂಡರೆ ಫಾರ್ವರ್ಡು ಅಷ್ಟೇನೂ ಸುಳ್ಳಲ್ಲ.

ಇನ್ವರ್ನೆಸ್ ಚಳಿ
ಇಲ್ಲೇ ಇರೋದ್ರಿಂದ ಉತ್ತರ ಕೊಡ್ತೀನಿ. ಮನ್ರೋ ಕುಲದ ನೆಲ ಇನ್ವರ್ನೆಸ್‌ನಿಂದ ಉತ್ತರಕ್ಕೆ, ಕ್ರೊಮಾರ್ಟಿ ಕೊಲ್ಲಿಯ ದಂಡೆಯ ಈಸ್ಟರ್ ರಾಸ್. ಕುಲಪತಿಯ ಮನೆ ಫೌಲಿಸ್ ಕೋಟೆ. ಆದರೆ ಕುಲ ಅಂದ್ರೆ ರಕ್ತಸಂಬಂಧ ಅಂತ ತಿಳಿಯಬೇಡಿ. ಒಡೆಯನ ಜಮೀನಿನಲ್ಲಿ ಇದ್ದವರು, ಅವನ ಪರ ಕತ್ತಿ ಹಿಡಿದವರು, ಅವನ ಆಶ್ರಯಕ್ಕೆ ಬಂದ ಒಕ್ಕಲುಗಳು ಎಷ್ಟೋ ಮಂದಿ ಅವನ ಹೆಸರನ್ನೇ ಇಟ್ಟುಕೊಂಡರು. ಒಂದೇ ಊರಿನ ಹೆಸರು ಅಡ್ಡಹೆಸರಾಗಿರುವ ನಮ್ಮ ಕಡೆಯ ಎಲ್ಲರೂ ಅಣ್ಣತಮ್ಮಂದಿರಾ? ಅಷ್ಟೇ ಕಥೆ.

ಹೆಕ್ಟರ್ ವಿಷಯ ಬಂತಲ್ಲ, ಅವನ ಕುರುಹು ಇಲ್ಲಿ ಗುಡ್ಡದ ಮೇಲೆ ನಿಂತಿದೆ. ಆಲ್ನೆಸ್ ಊರಿನ ಹಿಂದೆ ಫೈರಿಶ್ ಗುಡ್ಡ. ಪೈನ್ ಕಾಡು ದಾಟಿ ಬೋಳು ತಲೆಗೆ ಬಂದರೆ ಸಾಲು ಕಂಬ, ಕಮಾನುಗಳ ಒಂದು ಕಲ್ಲಿನ ಕಟ್ಟಡ. ಛಾವಣಿ ಇಲ್ಲ, ಒಳಗೆ ಏನೂ ಇಲ್ಲ, ಗಾಳಿ ಮಾತ್ರ ಶಿಳ್ಳೆ ಹೊಡೆಯುತ್ತೆ. ಅದು ನಾಗಪಟ್ಟಣಂ ಕೋಟೆ ಬಾಗಿಲಿನ ನಕಲು ಅಂತಾರೆ! 1781ರಲ್ಲಿ ಡಚ್ಚರಿಂದ ನಾಗಪಟ್ಟಣಂ ಕಿತ್ತುಕೊಂಡವನು ಹೆಕ್ಟರ್. ಮರುವರ್ಷ ಊರಿನಲ್ಲಿ ಕೆಲಸವಿಲ್ಲದೆ ಕೂತಿದ್ದ ಜನಕ್ಕೆ ಕೂಲಿ ಸಿಗಲಿ ಅಂತ ಇದನ್ನು ಕಟ್ಟಿಸಿದ. ಕೂಲಿ ಇನ್ನಷ್ಟು ದಿನ ನಡೆಯಲಿ ಅಂತ ಮೇಲಕ್ಕೆ ಹೊತ್ತ ಕಲ್ಲನ್ನು ಅವನೇ ಕೆಳಕ್ಕೆ ಉರುಳಿಸಿ ಮತ್ತೆ ಹೊರಿಸುತ್ತಿದ್ದ ಅನ್ನೋದು ಇಲ್ಲಿಯ ಜನರ ಕಥೆ. ಕಾವೇರಿ ಮುಖಜ ಭೂಮಿಯ ಕೋಟೆ ಬಾಗಿಲು ಹಿಮ ಬೀಳುವ ಗುಡ್ಡದ ತಲೆ ಮೇಲೆ! ಮೊದಲ ಸಲ ನೋಡಿದಾಗ ನನಗೆ ನಗು ಬಂತು, ಆಮೇಲೆ ಆ ಕೂಲಿಗೆ ದುಡ್ಡು ಎಲ್ಲಿಂದ ಬಂತು ಅಂತ ಯೋಚನೆ ಹತ್ತಿತು.

ಪಟ್ಟಣದ ಪೈಲ್ವಾನ
ಹುಲಿ ವಿಷಯಕ್ಕೆ ಬರ್ತೀನಿ, ಶ್ರೀರಂಗಪಟ್ಟಣದವನಾಗಿ ಅದು ನನ್ನ ಹಕ್ಕು.

ಹುಲಿ ಹಿಡಿದದ್ದು ಹೆಕ್ಟರ್‌ನ ಮಗನನ್ನೇ. ಹೆಸರು ಹ್ಯೂ ಮನ್ರೋ, ಇನ್ನೂ ಹದಿಹರೆಯ. 1792ರ ಡಿಸೆಂಬರ್ 22, ಕಲ್ಕತ್ತದ ಕೆಳಗೆ ಗಂಗೆ ಸಮುದ್ರ ಸೇರುವಲ್ಲಿ ಇರುವ ಸಾಗರ ದ್ವೀಪ. ಜಿಂಕೆ ಬೇಟೆ ಮುಗಿಸಿ ಊಟಕ್ಕೆ ಕೂತವರ ಮಧ್ಯೆ ಹುಲಿ ನುಗ್ಗಿ ಹುಡುಗನ ತಲೆಗೇ ಬಾಯಿ ಹಾಕಿ ಎಳೆದೊಯ್ದಿತು. ಜೊತೆಗಿದ್ದವರು ಗುಂಡು ಹೊಡೆದು ಬಿಡಿಸಿದರೂ ಹುಡುಗ ಉಳಿಯಲಿಲ್ಲ. ಕಣ್ಣಾರೆ ಕಂಡವನ ಪತ್ರ ಮರುವರ್ಷ ಲಂಡನ್ನಿನ ಪತ್ರಿಕೆಯಲ್ಲಿ ಬಂದು ಮನೆಮಾತಾಯಿತು. ಎಷ್ಟರ ಮಟ್ಟಿಗೆ ಅಂದ್ರೆ, ಮೂರು ದಶಕ ಕಳೆದ ಮೇಲೂ ಸ್ಟಾಫರ್ಡ್‌ಶೈರಿನ ಕುಂಬಾರರು ಮನ್ರೋ ಸಾವು ಅಂತ ಬಣ್ಣದ ಪಿಂಗಾಣಿ ಗೊಂಬೆ ಮಾಡಿ ಮಾರುತ್ತಿದ್ದರು. ಮನೆಯ ಒಲೆಗೂಡಿನ ಮೇಲೆ ಇಡೋಕೆ! ಹುಲಿ ಬಾಯಲ್ಲಿ ಸಾಹೇಬನ ತಲೆ. ಎಂಥ ಅಭಿರುಚಿಯೋ.

ಈಗ ಟಿಪ್ಪುವಿನ ಗೊಂಬೆ. ಮರದ ಹುಲಿ, ಕೆಳಗೆ ಅಂಗಾತ ಬಿದ್ದ ಕೆಂಪು ಕೋಟಿನ ಯುರೋಪಿಯನ್. ಸುಮಾರು 1.78 ಮೀಟರ್ ಉದ್ದ, ಹೆಚ್ಚು ಕಡಿಮೆ ಆಳುದ್ದ. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಊದಿ, ಬಿದ್ದವನ ಎಡಗೈ ಮೇಲೇಳುತ್ತೆ, ಅವನ ಬಾಯಿಂದ ಗೋಳು, ಹುಲಿಯ ಗಂಟಲಿಂದ ಗುರುಗುಟ್ಟುವ ಸದ್ದು. ಹುಲಿಯ ಪಕ್ಕೆಯ ಮುಚ್ಚಳ ತೆಗೆದರೆ ಒಳಗೆ 18 ಮನೆಗಳ ಪುಟ್ಟ ಆರ್ಗನ್ ವಾದ್ಯ. 1799ರಲ್ಲಿ ಪಟ್ಟಣ ಬಿದ್ದಾಗ ಅರಮನೆಯ ವಾದ್ಯಗಳ ಕೋಣೆಯಲ್ಲಿ ಸಿಕ್ಕಿತು. ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಆಸ್ತಿ. ಎರಡನೇ ಮಹಾಯುದ್ಧದ ಬಾಂಬಿಗೆ ಛಾವಣಿ ಮೇಲೆ ಬಿದ್ದು ಚೂರಾಗಿತ್ತು, ಮತ್ತೆ ಜೋಡಿಸಿದ್ದಾರೆ.

ಮನ್ರೋ ಮಗನ ಸಾವಿನ ಸುದ್ದಿ ಕೇಳಿಯೇ ಮಾಡಿಸಿದ್ದು ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. ಸುದ್ದಿ ಟಿಪ್ಪುವಿಗೆ ಹಿತವಾಗಿರಬಹುದು, ಅದೇ 1792ರಲ್ಲಿ ಅರ್ಧ ರಾಜ್ಯ, ಇಬ್ಬರು ಮಕ್ಕಳನ್ನು ಒತ್ತೆ ಕೊಟ್ಟು ಕೂತಿದ್ದವನು. ಆದರೆ ಹುಲಿ ಅವನಿಗೆ ಅದಕ್ಕೂ ಮೊದಲೇ ಲಾಂಛನ. ಸಿಂಹಾಸನದಲ್ಲಿ ಹುಲಿ, ಫಿರಂಗಿ ಬಾಯಲ್ಲಿ ಹುಲಿ, ಸೈನಿಕರ ಅಂಗಿ ಮೇಲೆ ಹುಲಿಪಟ್ಟೆ. ಗೊಂಬೆಗೆ ಒಬ್ಬ ಮನ್ರೋ ಸಾಯಲೇಬೇಕಿರಲಿಲ್ಲ.

ಮೊಂಡುವಾದಿ
ಆಹಾ, ಹೆಕ್ಟರ್ 1781ರಲ್ಲಿ ಪೋರ್ಟೊ ನೋವೊದಲ್ಲಿ ಹೈದರನ ವಿರುದ್ಧ ಬಲಪಾರ್ಶ್ವದ ಪಡೆ ನಡೆಸಿದವನು. ಅವನ ಮಗನಿಗೇ ಹುಲಿ ಬಂತು. ಟಿಪ್ಪು ಇದನ್ನು ಬಿಡುತ್ತಿದ್ದನೇ? ನನ್ನ ಓಟು ಫಾರ್ವರ್ಡಿಗೆ.

ಪಟ್ಟಣದ ಪೈಲ್ವಾನ
ಓಟು ಹಾಕಿ, ಪುರಾವೆ ಸಿಕ್ಕಿದ ದಿನ ಎಣಿಸೋಣ.

ಅರಿವಳಿಕೆ ತಜ್ಞ
ನಡುವೆ ನುಗ್ಗಿದ್ದಕ್ಕೆ ಕ್ಷಮಿಸಿ. ವೈದ್ಯರಿಗೆ ಮನ್ರೋ ಅಂದ್ರೆ ತಲೆಯೊಳಗಿನ ತೂತು. ಮೆದುಳಿನ ಪಕ್ಕದ ಕುಹರದಿಂದ ನಡುವಿನ ಮೂರನೇ ಕುಹರಕ್ಕೆ ನೀರು ಹರಿಯೋ ಕಿಂಡಿಗೆ ಮನ್ರೋ ರಂಧ್ರ ಅಂತಲೇ ಹೆಸರು. ಅಲ್ಲಿ ಸಣ್ಣ ಗಂಟೊಂದು ಅಡ್ಡ ಬಂದರೂ ಮೇಲೆ ನೀರು ಕಟ್ಟಿ ಒತ್ತಡ ಏರುತ್ತೆ. ತಲೆಬುರುಡೆ ಹಿಗ್ಗಲ್ಲ, ಒಳಗೆ ಒಂದು ಹೆಚ್ಚಾದರೆ ಇನ್ನೊಂದು ಕಡಿಮೆ ಆಗಲೇಬೇಕು ಅನ್ನೋ ನಿಯಮಕ್ಕೂ ಮನ್ರೋ ಮತ್ತು ಕೆಲ್ಲಿ ಹೆಸರು. ತಲೆಗೆ ಪೆಟ್ಟು ಬಿದ್ದವರನ್ನು ನೋಡುವಾಗ ಇವತ್ತಿಗೂ ನಾವು ಯೋಚಿಸೋದು ಅದೇ ಲೆಕ್ಕದಲ್ಲಿ.

ಈತ ಎಡಿನ್‌ಬರೊ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಮನ್ರೋ. ಅಪ್ಪ, ಮಗ, ಮೊಮ್ಮಗ ಮೂವರೂ ಅಲೆಕ್ಸಾಂಡರ್, ಮೂವರೂ ಅಂಗರಚನೆಯ ಪ್ರಾಧ್ಯಾಪಕರು. ಗೊಂದಲ ಆಗದಿರಲಿ ಅಂತ ಲ್ಯಾಟಿನ್ನಿನಲ್ಲಿ ಒಂದನೆಯವ, ಎರಡನೆಯವ, ಮೂರನೆಯವ ಅಂತಲೇ ಕರೀತಾರೆ. 1720ರಿಂದ 1846ರವರೆಗೆ, 126 ವರ್ಷ, ಒಂದೇ ಮನೆ ಆ ಪೀಠ ಬಿಡಲಿಲ್ಲ. ರಂಧ್ರದವನು ಎರಡನೆಯವ, ಮೂವರಲ್ಲಿ ಅಸಲಿ ಪ್ರತಿಭೆ. ಮೂರನೆಯವನ ಪಾಠ ಎಷ್ಟು ನೀರಸ ಅಂದ್ರೆ, 1825ರಲ್ಲಿ ವೈದ್ಯಕೀಯ ಓದೋಕೆ ಬಂದ ಚಾರ್ಲ್ಸ್ ಡಾರ್ವಿನ್ ಅದನ್ನು ಜೀವನಪೂರ್ತಿ ನೆನೆಸಿಕೊಂಡು ಬೈದ. ಹೆಣ ಮಾರೋಕೆ ಕೊಲೆ ಮಾಡಿ ಗಲ್ಲಿಗೇರಿದ ವಿಲಿಯಂ ಬರ್ಕ್‌ನ ದೇಹವನ್ನು 1829ರಲ್ಲಿ ಜನರೆದುರು ಕೊಯ್ದವನೂ ಇದೇ ಮೂರನೆಯವ.

ಬಳ್ಳಾರಿ ಕಲೆಕ್ಟರಿಗೂ ಇವರಿಗೂ ನಂಟು ಹುಡುಕಬೇಡಿ.

ಪುತ್ತೂರು ಪೇಟೆ
ಎಲ್ಲರೂ ಥಾಮಸ್ ಮನ್ರೋನನ್ನು ಬಳ್ಳಾರಿಗೆ ಕಟ್ಟಿಹಾಕಿದ್ದೀರಿ. ಅವನು ಮೊದಲು ಕಲೆಕ್ಟರ್ ಆಗಿ ಬಂದದ್ದು ನಮ್ಮ ಕೆನರಾಕ್ಕೆ ಮಾರಾಯ್ರೆ, 1799ರಲ್ಲಿ ಟಿಪ್ಪು ಸತ್ತ ಕೂಡಲೇ. ಕಾರವಾರದ ಆಚೆಯಿಂದ ಕಾಸರಗೋಡಿನವರೆಗೆ ಇಡೀ ಕರಾವಳಿ ಅವನ ಕೈಕೆಳಗೆ. ನಮ್ಮ ಮಳೆ ಅವನಿಗೆ ಆಗಿಬರಲಿಲ್ಲ. ಇಲ್ಲಿಂದ ಬಿಡಿಸಿ ಅಂತ ಪತ್ರದ ಮೇಲೆ ಪತ್ರ ಬರೆದು 1800ರಲ್ಲಿ ಹೋದ. ಹೋಗುವ ಮೊದಲು ಎರಡು ಕೆಲಸ ಮಾಡಿದ. ಇಲ್ಲಿಯ ಭೂಮಿ ಹಿಂದಿನಿಂದಲೂ ಒಕ್ಕಲಿನ ಸ್ವಂತ ಆಸ್ತಿ, ಮಾರಬಹುದು, ಅಡವಿಡಬಹುದು ಅಂತ ಹಳೇ ಕಡತ ನೋಡಿ ಬರೆದಿಟ್ಟ. ಇನ್ನೊಂದು, ಎದುರು ನಿಂತ ವಿಟ್ಲದ ಡೊಂಬ ಹೆಗ್ಗಡೆಯನ್ನು ಹಿಡಿಸಿ ಗಲ್ಲಿಗೇರಿಸಿದ. ರಾಯರ ಭಕ್ತ ಮನ್ರೋ ಅಂತ ಹಾಡುವವರು ವಿಟ್ಲಕ್ಕೆ ಬಂದು ಹಾಡಿ ನೋಡಿ.

ತುಂಗಾತೀರ
ಯಾರೂ ಅವನನ್ನು ದೇವರು ಅಂದಿಲ್ಲ. ಮಂತ್ರಾಲಯದ ಕಥೆ ಏನು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಮಠದ ಇನಾಂ ಜಮೀನನ್ನು ಸರ್ಕಾರ ವಾಪಸು ಪಡೆಯೋ ವಿಚಾರಣೆಗೆ ಮನ್ರೋ ಬಂದ. ಟೋಪಿ, ಬೂಟು ಕಳಚಿ ಬೃಂದಾವನದ ಮುಂದೆ ನಿಂತ. 1671ರಲ್ಲೇ ಬೃಂದಾವನಸ್ಥರಾಗಿದ್ದ ರಾಯರು ಅವನಿಗೆ ಮಾತ್ರ ಕಾಣಿಸಿ ಮಾತಾಡಿದರು, ಸುತ್ತ ಇದ್ದವರಿಗೆ ಇವನ ಮಾತಷ್ಟೇ ಕೇಳಿಸ್ತು. ಮಂತ್ರಾಕ್ಷತೆ ತಗೊಂಡು ಹೋಗಿ ಜಮೀನು ಮಠಕ್ಕೇ ಇರಲಿ ಅಂತ ಬರೆದ. ನಮ್ಮಜ್ಜಿ ಇದನ್ನು ಹೇಳುವಾಗ ಮನ್ರೋ ಪಾತ್ರಕ್ಕೆ ಸೊಟ್ಟ ಕನ್ನಡ ಮಾತಾಡ್ತಿದ್ದರು, ನಾವು ಅದಕ್ಕೇ ಕಾಯ್ತಿದ್ದೆವು.

ಮೊಂಡುವಾದಿ
ಸಾಹೇಬ ತಾನೇ ತನ್ನ ಕೈಯಲ್ಲಿ ಇದನ್ನು ಬರೆದ ಪತ್ರ ತೋರಿಸಿ, ಆಮೇಲೆ ಮಾತು. ಮನೆಗೆ, ತಂಗಿಗೆ, ಸ್ನೇಹಿತರಿಗೆ ಅಷ್ಟುದ್ದ ಕಾಗದ ಬರೀತಿದ್ದ ಆಸಾಮಿ.

ತುಂಗಾತೀರ
ನೀವು ನಂಬಬೇಕು ಅಂತ ಯಾರೂ ಅರ್ಜಿ ಹಾಕಿಲ್ಲ.

ಮೇಲ್ವಿಚಾರಕ
ದರ್ಶನ ಆಯಿತೋ ಇಲ್ಲವೋ ಅನ್ನೋದಕ್ಕೆ ಈ ಎಳೆ ಅಲ್ಲ. ಅದಕ್ಕಾಗಿ ತೆರೆದ ಎಳೆಯೇ ಬೇರೆ ಇದೆ, ಅಲ್ಲೂ ತೀರ್ಮಾನ ಆಗಿಲ್ಲ. ಇಲ್ಲಿ ಮನ್ರೋಗಳ ಮೇಲೆ ಗಮನ ಇರಲಿ.

ಕಡತದ ಹುಳು
ಒಂದೇ ಸೇರಿಸ್ತೀನಿ. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲಕ್ಕೆ, ಅಂದ್ರೆ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲಿನ ಕೆಲ ಭಾಗಕ್ಕೆ, 1807ರವರೆಗೆ ಮುಖ್ಯ ಕಲೆಕ್ಟರ್ ಥಾಮಸ್ಸೇ. ಮಂತ್ರಾಲಯ ಆದೋನಿ ತಾಲೂಕಿನದು, ಆದೋನಿ 1953ರವರೆಗೂ ಬಳ್ಳಾರಿ ಜಿಲ್ಲೆಯದು. ಇನಾಂ ವಿಚಾರಣೆ ಅವನ ದಿನನಿತ್ಯದ ಕೆಲಸ. ಕಥೆ ಬೆಳೆಯಲು ನೆಲ ಗಟ್ಟಿಯಾಗೇ ಇತ್ತು. ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಡುತ್ತಿದ್ದರು. ತಿರುಮಲದಲ್ಲಿ ನೈವೇದ್ಯದ ದೊಡ್ಡ ಪಾತ್ರೆಗೂ ಅವನ ಹೆಸರು ಅಂಟಿದೆ.

ಹಾಗಂತ ಪುತ್ತೂರಿನವರ ಮಾತು ತೆಗೆದುಹಾಕೋ ಹಾಗಿಲ್ಲ. ದತ್ತಮಂಡಲದಲ್ಲಿ ಆಗ 80 ಮಂದಿ ಪಾಳೇಗಾರರು, ಅವರ ಬೆನ್ನಿಗೆ ಸುಮಾರು 30,000 ಆಯುಧ ಹಿಡಿದ ಆಳುಗಳು. ಅವರನ್ನು ಒಬ್ಬೊಬ್ಬರಾಗಿ ಮುರಿದದ್ದು ಮನ್ರೋ ಮತ್ತವನ ಹಿಂದಿದ್ದ ದಂಡು. ಕಂದಾಯ ಮೊದಲು ಕಟ್ಟಿದ್ದೂ ಹಗುರವಾಗಿರಲಿಲ್ಲ. ರೈತನ ಜೊತೆ ನೇರ ಲೆಕ್ಕ, ನಡುವೆ ಜಮೀನ್ದಾರ ಬೇಡ ಅನ್ನೋ ರೈತವಾರಿ ಪದ್ಧತಿಯ ಬೇರು, ಅವನು 1792ರಿಂದ ಏಳು ವರ್ಷ ಕ್ಯಾಪ್ಟನ್ ರೀಡ್ ಕೈಕೆಳಗೆ ಕೆಲಸ ಕಲಿತ ಬಾರಾಮಹಲಿನಲ್ಲಿದೆ, ಈಗಿನ ಕೃಷ್ಣಗಿರಿ, ಧರ್ಮಪುರಿ ಕಡೆ. ಹೊರಡುವಾಗ, 1807ರಲ್ಲಿ, ತಾನೇ ಕಟ್ಟಿದ ಕಂದಾಯದಲ್ಲಿ ಕಾಲುಭಾಗ ಇಳಿಸಿ ಅಂತ ಶಿಫಾರಸು ಮಾಡಿದ. ಮೇಲಿನವರು ಒಪ್ಪಲಿಲ್ಲ. 1820ರಲ್ಲಿ ತಾನೇ ಮದರಾಸಿನ ಗವರ್ನರ್ ಆಗಿ ಬಂದ ಮೇಲೆ ಜಾರಿಗೆ ತಂದ. ಈ ನಡುವೆ 1817-18ರಲ್ಲಿ ಪೇಶ್ವೆ ವಿರುದ್ಧದ ಯುದ್ಧದಲ್ಲಿ ಧಾರವಾಡದಿಂದ ಹೊರಟು ಗದಗ, ಬಾದಾಮಿ, ಬೆಳಗಾವಿ ಹಿಡಿದ. ಬೆಳಗಾವಿ ಮುತ್ತಿಗೆಯಲ್ಲಿ ಅವನಿಗೆ ನೆರವು ಕೊಟ್ಟವರು ಕಿತ್ತೂರಿನವರು. ಆರೇ ವರ್ಷದಲ್ಲಿ ಕಂಪನಿ ಕಿತ್ತೂರಿಗೆ ಏನು ಮಾಡಿತು ಅನ್ನೋದು ಇಲ್ಲಿ ಯಾರಿಗೂ ಹೇಳಬೇಕಿಲ್ಲ.

ಮರಳು ಹಲಗೆ
ಮೇಷ್ಟರ ಕಡೆಯಿಂದ ಒಂದು ವಿಷಯ. ನನ್ನ ಮಟ್ಟಿಗೆ ಮನ್ರೋ ಮಾಡಿದ ದೊಡ್ಡ ಉಪಕಾರ ಕಂದಾಯದ್ದಲ್ಲ. 1822ರಲ್ಲಿ ಗವರ್ನರ್ ಆಗಿದ್ದಾಗ, ನಿಮ್ಮ ಜಿಲ್ಲೆಯಲ್ಲಿ ನಾಡಶಾಲೆಗಳು ಎಷ್ಟಿವೆ, ಯಾವ ಭಾಷೆಯಲ್ಲಿ ಕಲಿಸ್ತಾರೆ, ಯಾವ ಜಾತಿಯ ಎಷ್ಟು ಮಕ್ಕಳು ಓದ್ತಾರೆ ಅಂತ ಎಲ್ಲ ಕಲೆಕ್ಟರುಗಳಿಂದ ಪಟ್ಟಿ ತರಿಸಿದ. ಬಳ್ಳಾರಿಯ ಪಟ್ಟಿ ಕಳಿಸಿದವನು ಆಗಿನ ಕಲೆಕ್ಟರ್ ಕ್ಯಾಂಪ್‌ಬೆಲ್, 1823ರ ಆಗಸ್ಟಿನಲ್ಲಿ. ಒಟ್ಟು 533 ಶಾಲೆ. ಅದರಲ್ಲಿ ಕನ್ನಡ 235, ತೆಲುಗು 226. ಉಳಿದದ್ದು ಮರಾಠಿ, ಸಂಸ್ಕೃತ, ಪಾರಸಿ, ನಾಲ್ಕು ತಮಿಳು, ಇಂಗ್ಲಿಷ್ ಒಂದೇ ಒಂದು. ಆಗ ಬಳ್ಳಾರಿಯಲ್ಲಿ ಇಂಗ್ಲಿಷ್ ಶಾಲೆ ಒಂದು!

ಆ ವರದಿಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಬೆಳಗಿನ ಹಾಜರಿಯದು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಅಂತ ಬರೀತಿದ್ದರು, ಮರ್ಯಾದೆಗೆ. ಎರಡನೆಯವನ ಕೈಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದವರಿಗೆಲ್ಲ ಒಂದೊಂದು ಏಟು ಜಾಸ್ತಿ. ಶುರುವಿನ ಮಕ್ಕಳು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುತ್ತಿದ್ದರು, ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಇದನ್ನು ಸಹೋದ್ಯೋಗಿಗಳಿಗೆ ಹೇಳಿದರೆ ಏಟಿನ ಭಾಗ ಮಾತ್ರ ಕೇಳಿ ನಿಟ್ಟುಸಿರು ಬಿಡ್ತಾರೆ.

ಇಡೀ ಮದರಾಸು ಪ್ರಾಂತದ ಲೆಕ್ಕ 12,498 ಶಾಲೆ, 1,88,650 ಮಕ್ಕಳು. ಹೆಣ್ಣುಮಕ್ಕಳ ಸಂಖ್ಯೆ ಕೇಳಬೇಡಿ, ಬೇಜಾರಾಗುತ್ತೆ.

ಕೊಲ್ಲಂ ಸೊಸೆ
ಮನ್ರೋ ದ್ವೀಪದ ಬಗ್ಗೆ ಯಾರೂ ಮಾತಾಡಲಿಲ್ಲ, ನಾನೇ ಮುಗಿಸ್ತೀನಿ. ಅಷ್ಟಮುಡಿ ಕೆರೆ, ಕಲ್ಲಡ ಹೊಳೆ ಸೇರುವ ಜಾಗದ ಮನ್ರೋ ತುರುತ್ತಿಗೆ ಹೆಸರು ಬಂದದ್ದು ಕರ್ನಲ್ ಜಾನ್ ಮನ್ರೋನಿಂದ. ಥಾಮಸ್ ಅಲ್ಲ, ಹೆಕ್ಟರ್ ಅಲ್ಲ. 1810ರಿಂದ ತಿರುವಾಂಕೂರು, ಕೊಚ್ಚಿಯ ರೆಸಿಡೆಂಟ್, ಅಂದ್ರೆ ಅರಸರ ಬಳಿ ಕಂಪನಿಯ ಪ್ರತಿನಿಧಿ, ಮೂರ್ನಾಲ್ಕು ವರ್ಷ ತಿರುವಾಂಕೂರಿನ ದಿವಾನನೂ ಅವನೇ. ರಾಣಿ ಗೌರಿ ಲಕ್ಷ್ಮೀಬಾಯಿ 1812ರಲ್ಲಿ ಮನುಷ್ಯರನ್ನು ಮಾರೋದು ಕೊಳ್ಳೋದು ನಿಷೇಧಿಸಿದ ಆಜ್ಞೆಯ ಕಾಲ ಅದು. ದ್ವೀಪ ಈಗ ಸ್ವಲ್ಪ ಸ್ವಲ್ಪವೇ ತಗ್ಗುತ್ತಿದೆ, ಉಬ್ಬರದ ನೀರು ಮನೆ ಅಂಗಳಕ್ಕೆ ಬರುತ್ತೆ, ಗೋಡೆಗಳಿಗೆ ಉಪ್ಪು ಹತ್ತಿದೆ. ಪ್ರವಾಸಿಗರು ದೋಣಿ ಚಂದ ಅಂತ ಫೋಟೊ ಹಾಕ್ತಾರೆ.

ಇನ್ವರ್ನೆಸ್ ಚಳಿ
ಜಾನ್‌ನ ಊರು ಟೀನಿನಿಚ್, ಅದೂ ಆಲ್ನೆಸ್‌ನಲ್ಲೇ! ಫೈರಿಶ್ ಗುಡ್ಡದ ಬುಡ. ಅವನ ಅಣ್ಣ ಹ್ಯೂ, ಯುದ್ಧದಲ್ಲಿ ಕಣ್ಣು ಕಳಕೊಂಡವನು, 1817ರಲ್ಲಿ ಅಲ್ಲಿ ವಿಸ್ಕಿ ಭಟ್ಟಿ ಹಾಕಿದ. ಭಟ್ಟಿ ಈಗಲೂ ನಡೀತಿದೆ.

ಸಣ್ಣಕಥೆ ಪ್ರೇಮಿ
ಸಾಹಿತ್ಯದ ಕಡೆಯವರನ್ನು ಬಿಟ್ಟಿದ್ದೀರಿ. ಇಂಗ್ಲಿಷ್ ಸಣ್ಣಕಥೆಗಾರ ಸಾಕಿ! ನಿಜ ಹೆಸರು ಹೆಕ್ಟರ್ ಹ್ಯೂ ಮನ್ರೋ. ಮೇಲಿನ ಹುಲಿ ಕಥೆಯ ಅಪ್ಪ, ಮಗ ಇಬ್ಬರ ಹೆಸರೂ ಒಬ್ಬನಿಗೇ. ಹುಟ್ಟಿದ್ದು 1870ರಲ್ಲಿ ಬರ್ಮಾದ ಅಕ್ಯಾಬ್‌ನಲ್ಲಿ, ಅಪ್ಪ ಅಲ್ಲಿ ಪೊಲೀಸ್ ಅಧಿಕಾರಿ. ಹೆರಿಗೆಗೆ ಅಂತ ಇಂಗ್ಲೆಂಡಿಗೆ ಹೋಗಿದ್ದ ತಾಯಿಯ ಮೇಲೆ ಹಸುವೊಂದು ನುಗ್ಗಿ, ಗರ್ಭ ಇಳಿದು, ಆಕೆ ತೀರಿಕೊಂಡರು. ಮಕ್ಕಳು ಡೆವನ್ನಿನಲ್ಲಿ ಇಬ್ಬರು ಸಿಡುಕು ಅತ್ತೆಯರ ಕೈಗೆ ಬಿದ್ದರು. ಅವನ ಕಥೆಗಳಲ್ಲಿ ಕ್ರೂರ ಅತ್ತೆಯರು, ಅವರಿಗೆ ಬುದ್ಧಿ ಕಲಿಸೋ ಪ್ರಾಣಿಗಳು ಯಾಕಷ್ಟು ಅಂತ ಈಗ ಗೊತ್ತಾಯ್ತಲ್ಲ. ಸಾಕಿ ಅನ್ನೋದು ಉಮರ್ ಖಯ್ಯಾಮನ ಪದ್ಯದ ಬಟ್ಟಲು ತುಂಬುವವನು. ಡಿವಿಜಿ ಓದಿದವರಿಗೆ ಪರಿಚಯ ಬೇಕಿಲ್ಲ. ಮೊದಲ ಮಹಾಯುದ್ಧ ಶುರುವಾದಾಗ ವಯಸ್ಸು 43, ಅಧಿಕಾರಿ ಹುದ್ದೆ ಬೇಡ ಅಂತ ಸಾದಾ ಸಿಪಾಯಿಯಾಗಿ ಸೇರಿದ. 1916ರ ನವೆಂಬರಿನಲ್ಲಿ ಫ್ರಾನ್ಸಿನ ಕಂದಕವೊಂದರಲ್ಲಿ, ಆ ಸಿಗರೇಟು ಆರಿಸೋ ಅಂತ ಪಕ್ಕದವನನ್ನು ಗದರಿದ್ದೇ ಕೊನೆ ಮಾತು, ಗುಂಡು ಇವನಿಗೆ ಬಿತ್ತು.

ಆಲಿಸ್ ಮನ್ರೋ, 2013ರ ನೊಬೆಲ್, ಹುಟ್ಟಿನಿಂದ ಮನ್ರೋ ಅಲ್ಲ. ಕೆನಡಾದ ಒಂಟಾರಿಯೊದ ಲೇಡ್ಲಾ ಮನೆತನ, ಅದೂ ಸ್ಕಾಟಿಷ್, ಎಟ್ರಿಕ್ ಕಣಿವೆಯವರು. 1951ರಲ್ಲಿ ಮದುವೆಯಾದ ಗಂಡನ ಹೆಸರು ಮನ್ರೋ. 1972ರಲ್ಲಿ ಗಂಡ ದೂರವಾದ, ಹೆಸರು ಪುಸ್ತಕದ ಬೆನ್ನ ಮೇಲೆ ಉಳಿಯಿತು. 2024ರ ಮೇನಲ್ಲಿ ತೀರಿಕೊಂಡರು. ಎರಡೇ ತಿಂಗಳಿಗೆ ಅವರ ಮಗಳು, ಮಲತಂದೆಯಿಂದ ಬಾಲ್ಯದಲ್ಲಿ ಆದ ಲೈಂಗಿಕ ದೌರ್ಜನ್ಯ, ತಾಯಿ ಅದು ಗೊತ್ತಾದ ಮೇಲೂ ಅವನ ಜೊತೆಗೇ ಉಳಿದದ್ದನ್ನು ಬರೆದರು. ಅದಾದ ಮೇಲೆ ಆ ಕಥೆಗಳನ್ನು ಮೊದಲಿನ ಹಾಗೆ ಓದೋಕೆ ನನ್ನಿಂದ ಆಗಿಲ್ಲ.

ಆದೋನಿ ರಸ್ತೆ
ಸರಕು ಭರ್ಜರಿ. ಅಮೆರಿಕದ ತಮ್ಮನ ಕಥೆ? ಮತ್ತೆ ಚಿಕ್ಕಪ್ಪನ ಮರ್ಲಿನ್?

ಕಡತದ ಹುಳು
ಜೇಮ್ಸ್ ಮನ್ರೋ ತಮ್ಮ ಅಲ್ಲ, ಥಾಮಸ್ಸಿಗಿಂತ ಮೂರು ವರ್ಷ ದೊಡ್ಡವನು, ಹುಟ್ಟಿದ್ದು ವರ್ಜೀನಿಯಾದಲ್ಲಿ. ಅವನ ಪೂರ್ವಜನೊಬ್ಬ ಹದಿನೇಳನೇ ಶತಮಾನದಲ್ಲೇ ಸ್ಕಾಟ್ಲೆಂಡ್ ಬಿಟ್ಟು ಅಲ್ಲಿ ನೆಲೆಸಿದ್ದ. ಆದರೆ ಇಬ್ಬರಿಗೂ ಒಂದು ವಿಚಿತ್ರ ನಂಟಿದೆ, ಫಾರ್ವರ್ಡಿನವರಿಗೆ ಅದು ಹೊಳೆದಿಲ್ಲ. ಥಾಮಸ್‌ನ ಅಪ್ಪ ಗ್ಲಾಸ್ಗೋದಲ್ಲಿ ವರ್ಜೀನಿಯಾ ತಂಬಾಕಿನ ವ್ಯಾಪಾರಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಆ ವ್ಯಾಪಾರ ಮುಳುಗಿತು, ಮನೆ ದಿವಾಳಿಯಾಯಿತು, ಓದುತ್ತಿದ್ದ ಮಗ ಕಂಪನಿ ಕೆಲಸ ಹಿಡಿದು ಮದರಾಸಿಗೆ ಹಡಗು ಹತ್ತಿದ. ಅದೇ ಯುದ್ಧದಲ್ಲಿ ವರ್ಜೀನಿಯಾ ಪರ ಹೋರಾಡಿ, 1776ರ ಡಿಸೆಂಬರಿನಲ್ಲಿ ಟ್ರೆಂಟನ್ನಿನಲ್ಲಿ ಗುಂಡೇಟು ತಿಂದ ಹುಡುಗ ಈ ಜೇಮ್ಸ್. ಆ ಮನ್ರೋ ಗೆದ್ದ ಕಡೆ ಇದ್ದ, ಈ ಮನ್ರೋ ಬಳ್ಳಾರಿಗೆ ಬಂದ. 1823ರಲ್ಲಿ ಜೇಮ್ಸ್ ಯುರೋಪಿನವರು ನಮ್ಮ ಖಂಡಗಳಿಗೆ ಕೈ ಹಾಕಬೇಡಿ ಅಂತ ಸಿದ್ಧಾಂತ ಸಾರುವಾಗ ಥಾಮಸ್ ಮದರಾಸಿನಲ್ಲಿ ಗವರ್ನರ್.

ಮರ್ಲಿನ್ ಹುಟ್ಟುಹೆಸರು ನಾರ್ಮಾ ಜೀನ್. 1946ರಲ್ಲಿ ಸಿನಿಮಾ ಕಂಪನಿಗೆ ಹೊಸ ಹೆಸರು ಬೇಕಾದಾಗ ತಾಯಿಯ ತವರಿನ ಮನ್ರೋ ಇಟ್ಟುಕೊಂಡರು. ಚಿಕ್ಕಪ್ಪನಿಗೆ ನಮಸ್ಕಾರ ಹೇಳಿ.

ಇನ್ವರ್ನೆಸ್ ಚಳಿ
ಇಷ್ಟು ಹೊತ್ತು ಒಂದು ಎಲೆ ಮುಚ್ಚಿಟ್ಟಿದ್ದೆ. ಎಲ್ಲ ನಂಟು ಕಡಿದು ಹಾಕಿದಿರಿ, ಈಗ ನಿಜವಾದ ರಕ್ತಸಂಬಂಧ ಒಂದು ಕೊಡ್ತೀನಿ.

ಇಲ್ಲಿ ಮನ್ರೋ ಅಂದ್ರೆ ಯಾರಿಗೂ ಮನುಷ್ಯ ನೆನಪಾಗಲ್ಲ. ಮನ್ರೋ ಅಂದ್ರೆ ಬೆಟ್ಟ. 3,000 ಅಡಿ, ಅಂದ್ರೆ 914.4 ಮೀಟರ್ ದಾಟಿದ ಸ್ಕಾಟಿಷ್ ಬೆಟ್ಟ. ಶುಕ್ರವಾರ ಆಫೀಸಿನಲ್ಲಿ ಎಷ್ಟು ಮನ್ರೋ ಆಯ್ತು ಅಂತಲೇ ಕೇಳ್ತಾರೆ. ಈಗಿನ ಪಟ್ಟಿಯಲ್ಲಿ 282. ಎಲ್ಲ ಹತ್ತಿ ಮುಗಿಸಿದವರ ದಾಖಲೆ ಪುಸ್ತಕವೇ ಇದೆ. 1891ರಲ್ಲಿ ಮೊದಲ ಪಟ್ಟಿ ಮಾಡಿದವನು ಸರ್ ಹ್ಯೂ ಮನ್ರೋ. ಅದಕ್ಕೆ ಮೊದಲು ಅಷ್ಟೆತ್ತರದ ಬೆಟ್ಟ ಮೂವತ್ತೋ ನಲವತ್ತೋ ಇರಬಹುದು ಅಂತ ಜನ ಅಂದುಕೊಂಡಿದ್ದರು, ಇವನ ಲೆಕ್ಕ 283ಕ್ಕೆ ಹೋಯಿತು.

ಈ ಹ್ಯೂ ಲಿಂಡರ್ಟಿಸ್‌ನ ನಾಲ್ಕನೇ ಬ್ಯಾರೊನೆಟ್, ಅಂದ್ರೆ ವಂಶದಲ್ಲಿ ಇಳಿದು ಬರುವ ಸರ್ ಪದವಿ. ಆ ಪದವಿ ಮೊದಲು ಸಿಕ್ಕಿದ್ದು 1825ರಲ್ಲಿ, ಮದರಾಸಿನ ಗವರ್ನರ್ ಥಾಮಸ್ ಮನ್ರೋಗೆ. ಹ್ಯೂ ಅವನ ಸ್ವಂತ ಮೊಮ್ಮಗ, ಮಗನ ಮಗ! ತಾತ ದತ್ತಮಂಡಲದ ಹೊಲ ಒಂದೊಂದನ್ನೂ ಅಳೆಸಿ ಪಟ್ಟಿ ಮಾಡಿದ, ಮೊಮ್ಮಗ ಬೆಟ್ಟ ಒಂದೊಂದನ್ನೂ ಅಳೆದು ಪಟ್ಟಿ ಮಾಡಿದ. ಇಬ್ಬರಿಗೂ ಡೇರೆ, ನಡಿಗೆ, ಲೆಕ್ಕದ ಹುಚ್ಚು.

ಪಾಪ, ತಾನೇ ಮಾಡಿದ ಪಟ್ಟಿ ಮುಗಿಸಲಾಗಲಿಲ್ಲ. ಸ್ಕೈ ದ್ವೀಪದ ಕತ್ತಿಯಲಗಿನಂಥ ಬಂಡೆಯೊಂದು, ಹಗ್ಗವಿಲ್ಲದೆ ಹತ್ತಲಾಗದ್ದು, ಅವನಿಗೆ ದಕ್ಕಲಿಲ್ಲ. ಕೊನೆಗೆ ಅಂತ ಉಳಿಸಿಕೊಂಡಿದ್ದ ಇನ್ನೊಂದೂ ಉಳಿದೇಹೋಯಿತು. ಮೊದಲ ಮಹಾಯುದ್ಧದ ಕೊನೆಗೆ ಫ್ರಾನ್ಸಿನಲ್ಲಿ ಸೈನಿಕರಿಗೆ ಕ್ಯಾಂಟೀನ್ ನಡೆಸುತ್ತಿದ್ದವನು 1919ರಲ್ಲಿ ನ್ಯುಮೋನಿಯಾದಿಂದ ಸತ್ತ.

ಆದೋನಿ ರಸ್ತೆ
ಏನ್ರೀ ಇದು! ಇಡೀ ಫಾರ್ವರ್ಡಿನಲ್ಲಿ ಇಲ್ಲದ ಒಬ್ಬನೇ ಮನ್ರೋ ನಿಜವಾದ ಮೊಮ್ಮಗ.

ನಂದಿ ತಪ್ಪಲು
914.4 ಮೀಟರಾ? ಬೆಂಗಳೂರಿನ ಎತ್ತರ 920 ಅಂತ ಓದಿದ್ದು. ಅಂದ್ರೆ ನಾನು ಕಸ ಹಾಕೋಕೆ ಹೋಗೋದೂ ಮನ್ರೋ ಹತ್ತಿದ ಹಾಗೆ. ಇನ್ನು ಬೆನ್ ನೆವಿಸ್ 1,345, ನಮ್ಮ ಕೊಡಚಾದ್ರಿ 1,343. ಮುಳ್ಳಯ್ಯನಗಿರಿ ಮುಂದೆ ಅವೆಲ್ಲ ಯಾವ ಲೆಕ್ಕ.

ಇನ್ವರ್ನೆಸ್ ಚಳಿ
ಜನವರಿಯಲ್ಲಿ ಬನ್ನಿ, ಅಡ್ಡ ಬೀಸೋ ಹಿಮದಲ್ಲಿ ಲೆಕ್ಕ ಮಾಡೋಣ. ಮತ್ತೆ ಬೆಂಗಳೂರು ನಡೆಯಲ್ಲ, ಪ್ರತ್ಯೇಕ ಬೆಟ್ಟ ಅನಿಸಬೇಕು. ಪ್ರತ್ಯೇಕ ಅಂದ್ರೆ ಎಷ್ಟು ಅಂತ ಮನ್ರೋ ಬರೆದಿಡಲಿಲ್ಲ, ಅದಕ್ಕೇ ಇಲ್ಲಿ ನೂರು ವರ್ಷದಿಂದ ಜಗಳ. 2012ರಲ್ಲಿ ಒಂದು ಬೆಟ್ಟ ಅರ್ಧ ಮೀಟರಿಗೂ ಕಡಿಮೆ ಅಂತರದಲ್ಲಿ ಪಟ್ಟಿಯಿಂದ ಬಿದ್ದುಹೋಯಿತು.

ಚೆಪಾಕ್ ಕನ್ನಡಿಗ
ಚೆನ್ನೈನ ಮನ್ರೋ ಪ್ರತಿಮೆ ಬಗ್ಗೆ ಹೇಳದಿದ್ದರೆ ಹೇಗೆ? ಫ್ರಾನ್ಸಿಸ್ ಚಾಂಟ್ರಿ ಮಾಡಿದ್ದು, 1839ರಲ್ಲಿ ನಿಲ್ಲಿಸಿದರು. ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ. ಮರೆತುಹೋದ ಅವಮಾನಕ್ಕೆ ಶಿಲ್ಪಿ ಪ್ರಾಣ ಕಳಕೊಂಡ ಅಂತ ಆಟೋದವರೂ ಹೇಳ್ತಾರೆ. ಶುದ್ಧ ಬುರುಡೆ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಅದೇ ಚಾಂಟ್ರಿ ಮಾಡಿದ ನಾಲ್ಕನೇ ಜಾರ್ಜ್ ಕೂತಿದ್ದಾನೆ, ಅಲ್ಲೂ ಜೀನಿಲ್ಲ, ರಿಕಾಪಿಲ್ಲ. ಅದು ಅವನ ಶೈಲಿ.

ಆದೋನಿ ರಸ್ತೆ
ಎಲ್ಲ ಸೇರಿಸಿ ಗುಂಪಿಗೆ ಹಾಕಿದೆ. ಚಿಕ್ಕಪ್ಪ ಹೆಬ್ಬೆರಳು ಒತ್ತಿದ್ದಾರೆ, ಓದಿಲ್ಲ ಅಂತ ಗ್ಯಾರಂಟಿ. ಅತ್ತೆ ಮಾತ್ರ ಒಂದು ಪ್ರಶ್ನೆ ಕೇಳಿದರು: ಥಾಮಸ್ ಎಲ್ಲಿ ಸತ್ತ, ಸಮಾಧಿ ಎಲ್ಲಿ?

ಕಡತದ ಹುಳು
ಕೆಲಸ ಬಿಟ್ಟು ಊರಿಗೆ ಹೊರಡುವ ಮೊದಲು ಹಳೇ ಸೀಮೆ ನೋಡಿ ಬರ್ತೀನಿ ಅಂತ ದತ್ತಮಂಡಲಕ್ಕೆ ಬಂದಿದ್ದ. 1827ರ ಜುಲೈ 6ರಂದು ಕರ್ನೂಲು ಜಿಲ್ಲೆಯ ಪತ್ತಿಕೊಂಡದಲ್ಲಿ ಕಾಲರಾ ಬಡಿದು ಅದೇ ದಿನ ಸತ್ತ. ಮೊದಲು ಹೂಳಿದ್ದು ಗುತ್ತಿ ಕೋಟೆಯ ಕೆಳಗೆ, 1831ರಲ್ಲಿ ಮದರಾಸಿನ ಕೋಟೆಯೊಳಗಿನ ಸಂತ ಮೇರಿ ಚರ್ಚಿಗೆ ತಂದರು.

ಆದೋನಿ ರಸ್ತೆ
ಪತ್ತಿಕೊಂಡ ನಮ್ಮ ಆದೋನಿಗೆ ಹತ್ತಿರವೇ. ಮಂತ್ರಾಲಯಕ್ಕೆ ಹೋದಾಗ ಆ ಕಡೆ ಒಂದು ಸುತ್ತು ಹಾಕೋಣ ಅಂತ ಅತ್ತೆ ಹಠ ಹಿಡಿದಿದ್ದಾರೆ. ಆದೋನಿಯಿಂದ ಬಸ್ಸು ಸಿಗುತ್ತಾ, ಅಥವಾ ಗಾಡಿ ಮಾಡಿಕೊಳ್ಳಬೇಕಾ?

ತುಂಗಾತೀರ
ಬಸ್ಸು ಸಿಗುತ್ತೆ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನ ಆ ಬಿಸಿಲಲ್ಲಿ ಅತ್ತೆಯವರನ್ನು ತಿರುಗಿಸಬೇಡಿ.